ನಳ ಬಂದ ದಿನ

ಫ್ಲೋರಾ ಅತ್ತಿ ಠಾಣೆದಿಂದ ಫೋನ್ ಮಾಡಿದರ
ಮೊದಲ ಶಾಲೋಮ್, ಆಮ್ಯಾಲ ಒಂದು ವರ.
ಹುಬ್ಬಳ್ಳಿ ರೈಲ್ವೆ ಕಾಲೋನಿಯೊಳಗ ನಮ್ಮವರಂದ್ರ
ಅಪ್ಪ, ನಾನು,
ಬಾಗಲಾ ಚೌಕಟ್ಟಿಗೆ ಓರೆಯಾಗಿ ಬಡದ ಮಂತ್ರದ ಡಬ್ಬಿ.
ಅದನ್ನ ಫ್ಯೂಸ್ ಅನಕೊಂಡು
ಮೀಟರ್ ಓದೋ ಹುಡುಗ ಎರಡು ಸಲ ಬಿಚ್ಚಾಕ ಹೋಗಿದ್ದ.

ಮೊದಲನೇದವ, ಫೋಟೋದಾಗ ತಲಿತುಂಬ ಕೂದಲ.
ರೈಲಿನಿಂದ ಇಳದಾವ ಅವನ ಕಾಕಾನಂಗ ಇದ್ದ.
ಅಪ್ಪ ನಕ್ಕೋತ ತೋರಾ ತಗದ:
"ಏಳು ವರ್ಷ ಕುರಿ ಕಾಯ್ದ ಒಬ್ಬಾವ.
ಬೆಳಕಹರದ ಮುಸುಕು ಸರಿಸಿದರ ಅಕ್ಕ ಇದ್ದಳು.
ನಿನಗ ಪ್ಲಾಟ್‌ಫಾರಂ ಮ್ಯಾಲೇ ತಿಳೀತಲ್ಲ, ಪುಣ್ಯವಂತಿ!"

ಎರಡನೇದವ ವಿಡಿಯೋದಾಗ ಪರೀಕ್ಷಾ ತಗೊಂಡ.
ಶನಿವಾರ ಒಲಿ ಹಚ್ಚತೀರೇನು?
ಮೀನಿಗೆ ಹುರುಪಿ ನೋಡತೀರೇನು?
ಹೊರಗ ಏನು ತಿಂತೀರಿ?
"ಗಿರ್ಮಿಟ್" ಅಂದೆ. "ಅದಕ್ಕ ಗೊರಸಿಲ್ಲ,
ಸೀಳೇದೋ ಇಲ್ಲೋ ನೋಡೂ ಪ್ರಶ್ನೆನ ಬರಂಗಿಲ್ಲ."
ನೆಟ್‌ವರ್ಕ್ ಹೋತು. ಇನ್ನೂ ಬಂದಿಲ್ಲ.

ಜೋಡಿ ಕೂಡಸೂದು ದೇವರಿಗೂ
ಸಮುದ್ರ ಸೀಳಿದಷ್ಟ ಕಷ್ಟಂತ, ಹಿರೇರ ಮಾತು.
ಮೂವತ್ನಾಕು ದಾಟಿದಾಕಿಗೆ ಸಮುದ್ರ ಯಾಕ?
ಉಣಕಲ್ ಕೆರಿ ತುಸು ಸರದರ ಸಾಕಿತ್ತು.

ಅಪ್ಪಗ ಸೇರೂ ಕಥಿ ಬಾವೀದು.
ಕನ್ಯಾ ಹುಡುಕಾಕ ಬಂದ ಮುದುಕ ಆಳು,
ಕೇಳದನ ಅವನ ಹತ್ತು ಒಂಟಿಗೆ ನೀರು ಸೇದಿದ ಹುಡುಗಿ.
ನಾ ಲೆಕ್ಕ ಹಾಕೇನಿ: ಒಂಟಿಗೆ ನೂರು ಲೀಟರ್, ಒಟ್ಟು ಸಾವಿರ.
ಎಂಟು ದಿನಕ್ಕೊಮ್ಮೆ ನಳ ಬರೂ ಊರಾಗ
ಇಂಥಾ ಪರೀಕ್ಷಾ ಇಟ್ಟಿದ್ದರ, ಮುದುಕಾ,
ಇಡೀ ಓಣಿಗೆ ಓಣಿನ ಕನ್ಯಾ ಉಳೀತಿತ್ತು.
ಇಲ್ಲೆ ತಂಬಗಿ ಕೊಟ್ಟರ ಪ್ರೀತಿ,
ಕೊಡಾ ಕೊಟ್ಟರ ಮದುವಿನ.

ಮೂರನೇದವ, ನಿಸ್ಸೀಮ್ ವಕ್ರುಲಕರ,
ಹತ್ತಕ್ಕ ಬರತೇನಂದಾವ ಐದೂವರಿಗೇ ಬಂದ,
ಜೀವಮಾನದಾಗ ಒಮ್ಮೆ ಆ ಗಾಡಿ ವ್ಯಾಳ್ಯಾಕ್ಕ ಬಂದಿತ್ತು.
ನಾನು ನೈಟಿಯೊಳಗ, ಬಾಯಾಗ ಬ್ರಷ್, ಕೈಯಾಗ ಪೈಪು.
ನಳ ಸುಂಯ್ ಅನ್ನಾಕ ಹತ್ತಿತ್ತು.

ಬ್ಯಾಗ್ ಇಟ್ಟ, ಪ್ಯಾಂಟ್ ಮಡಚಿದ.
ಹನ್ನೊಂದು ಕೊಡಾ ಹೊತ್ತ.
ಅದರಾಗ ನಾಕು ಮ್ಯಾಲಿನ ಮನಿ ಗುರುಸಿದ್ದವ್ವಗ,
ಆಕಿ ಕೇಳಿರಲಿಲ್ಲ.
ಅರ್ಧಾ ನೀರು ಮೆಟ್ಟಲಕ್ಕ ಕುಡಿಸಿದ,
ಒಮ್ಮೆ ಜಾರಿ ಕುಂತ, ಕುಂತಲ್ಲೇ ನಕ್ಕ.

ಅಪ್ಪ ಚಾಳೀಸದ ಮ್ಯಾಲಿಂದ ನೋಡಿ ಪುಸ್ತಕ ಮುಚ್ಚಿದ.
ಏನೂ ಹೇಳಲಿಲ್ಲ. ಹುಟ್ಟಿದಾಗಿಂದ ಮೊದಲನೇ ಸಲ.
ನಾ ಬಾಯಿ ಮುಕ್ಕಳಿಸಿ ಕೇಳಿದೆ:
"ಚಾ ಕುಡೀತೀರೇನು?
ಮತ್ತ ಆ ಒಂಟಿ ಎಲ್ಲೆ ಕಟ್ಟಿ ಬಂದೀರಿ?"