ಹೊಸ್ತಿಲಲ್ಲಿ ಅರ್ಧ ನಿಮಿಷ

ಗೋರಿಪಾಳ್ಯದ ಆ ಓಣಿಗೆ ಗಾಡಿ ಹೋಗುವುದಿಲ್ಲ.
ಮಟನ್ ಅಂಗಡಿಯ ಮೂಲೆಯಲ್ಲಿ ನಿಲ್ಲಿಸಿದ ಬೋರಲಿಂಗಣ್ಣ.
ನಮ್ಮಲ್ಲಿ ಡ್ರೈವರನ್ನು ಪೈಲಟ್ ಅನ್ನುತ್ತಾರೆ;
ಹಾರಿದ್ದು ಮಾತ್ರ ನಾನು, ಚರಂಡಿಯ ಒಡಕು ಕಲ್ಲಿನ ಮೇಲಿಂದ,
ಹೆಗಲಿಗೆ ಆಕ್ಸಿಜನ್, ಕೈಯಲ್ಲಿ ಮಕ್ಕಳ ಕಿಟ್ಟು.

ಬಾಗಿಲು ತೆರೆದೇ ಇತ್ತು.
ಒಳಗೆ ಹೋಗಲಿಲ್ಲ.

"ಏನ್ರೀ, ನಿಂತ್ಕೊಂಡು ನೋಡ್ತಾ ಇದೀರ?" ಬೈದರು ಯಾರೋ.
ಮುಟ್ಟಿದರೆ ಹೆದರುತ್ತದೆ,
ಹೆದರಿದರೆ ಉಸಿರಿನ ಲೆಕ್ಕ ಕೆಡುತ್ತದೆ,
ಬಿಡಿಸಿ ಹೇಳಲು ಹೊತ್ತಿರಲಿಲ್ಲ.
ಹೊಸ್ತಿಲಲ್ಲಿ ಅರ್ಧ ನಿಮಿಷ, ಬರೀ ಕಣ್ಣು.

ನೆಲದ ತುಂಬ ಊದುಬತ್ತಿ, ಹೊಸೆದದ್ದು, ಹೊಸೆಯದ್ದು,
ಮಣೆಯ ಮೇಲೆ ಇನ್ನೂ ಒದ್ದೆಯಿರುವ ಕರಿ ಹಿಟ್ಟು,
ಗೋಡೆಗೊರಗಿದ ತಾಯಿ. ತೊಡೆಯ ಮೇಲೆ ಎರಡು ವರ್ಷದ ಹುಡುಗ.
ಅವನ ಕಣ್ಣು ನನ್ನ ಮೇಲಿತ್ತು,
ನನ್ನನ್ನು ನೋಡುತ್ತಿರಲಿಲ್ಲ.
ಹೊಸಬರನ್ನು ಕಂಡರೆ ಮಕ್ಕಳು ಅಳಬೇಕು,
ಬೂಟಿಗೋ, ನೀಲಿ ಗ್ಲೌಸಿಗೋ, ಯಾವುದಕ್ಕಾದರೂ ಸರಿ.
ಇವನು ಅಳಲಿಲ್ಲ.

ಅಂಗಿ ಎತ್ತಿ, ಎಂದೆ.
ಪಕ್ಕೆಲುಬಿನ ಸಂದುಗಳು ಒಳಕ್ಕೆ ಹೋಗುತ್ತಿದ್ದವು,
ಹಾಲಿನ ಖಾಲಿ ಪ್ಯಾಕೆಟ್ಟನ್ನು ಯಾರೋ ಬಾಯಿಂದ ಹೀರಿದಂತೆ.
ಪ್ರತಿ ಉಸಿರಿಗೂ ತಲೆ ತೂಗುತ್ತಿತ್ತು.
"ಏನ್ ಕೇಳಿದ್ರೂ ಹ್ಞೂಂ ಅಂತಾನೆ ಮೇಡಂ," ಎಂದಳು ಅಜ್ಜಿ ಮುನೀರಾಬಿ,
"ನೀರ್ ಬೇಕಾ ಅಂದ್ರೆ ಹ್ಞೂಂ, ಬೇಡ್ವಾ ಅಂದ್ರೂ ಹ್ಞೂಂ."
ಅದು ಉತ್ತರವಲ್ಲಮ್ಮ.
ಉಸಿರು ಹೊರಗೆ ಹೋಗುವಾಗ ಬಾಗಿಲು ಹಿಡಿದು ನಿಲ್ಲುವ ಸದ್ದು.

ಒಳಗೆ ಬಂದು ಕೂತು ಎಣಿಸಿದೆ, ಇಡೀ ಒಂದು ನಿಮಿಷ.
ಅರವತ್ತನಾಲ್ಕು.

ಬೆರಳಿಗೆ ಕ್ಲಿಪ್ ಹಾಕಿದರೆ ಯಂತ್ರ ಗೆರೆ ಎಳೆಯಲೊಲ್ಲದು.
ಬೆಳಿಗ್ಗೆ ಅವನೂ ಹೊಸೆಯಲು ಕೂತಿದ್ದನಂತೆ, ಆಟಕ್ಕೆ,
ಉಗುರಿನ ತುಂಬ ಇದ್ದಿಲು, ಗಂಧದ ಪುಡಿ.
ತಾಯಿ ದುಪಟ್ಟಾದ ತುದಿಗೆ ಉಗುಳು ಹಚ್ಚಿ
ಒಂದೇ ಒಂದು ಬೆರಳು ಒರೆಸಿಕೊಟ್ಟಳು.
ಎಂಬತ್ತಾರು.

ಎದೆಯ ನಡುವೆ ಹೆಬ್ಬೆರಳು ಒತ್ತಿ ಬಿಟ್ಟೆ.
ಬಿಳಿಚಿದ ಜಾಗಕ್ಕೆ ಎರಡು ಎಣಿಸುವುದರೊಳಗೆ ರಕ್ತ ಮರಳಬೇಕಿತ್ತು;
ನಾಲ್ಕಕ್ಕೆ ಬಂತು,
ಕೈಸಾಲ ಹಿಂತಿರುಗಿಸುವವರ ಹಾಗೆ.

ತಾಯಿಯ ಮಡಿಲಿಂದ ಬಿಡಿಸಬಾರದು. ಬಿಡಿಸಲಿಲ್ಲ.
ಚರಂಡಿ ದಾಟುವಾಗ ಎರಡೇ ಹೆಜ್ಜೆ ನನ್ನ ತೋಳಿಗೆ ಬಂದ.
ತೂಕಕ್ಕೊಂದು ಸೂತ್ರವಿದೆ:
ವಯಸ್ಸಿಗೆ ನಾಲ್ಕು ಕೂಡಿಸು, ಎರಡರಿಂದ ಗುಣಿಸು.
ಸೂತ್ರದ ಪ್ರಕಾರ ಹನ್ನೆರಡು ಕೆಜಿ.
ತೋಳು ಒಂಬತ್ತು ಎಂದಿತು.
ತೋಳಿನ ಮಾತನ್ನೇ ಬರೆದೆ.

ಮೇಲ್ಸೇತುವೆಯ ಕೆಳಗೆ ಹೂವಿನ ಟೆಂಪೋಗಳು.
ಬೋರಲಿಂಗಣ್ಣ ಹೇಳದೆಯೇ ಸೈರನ್ ಆರಿಸಿ
ಕೈ ಹೊರಗೆ ಚಾಚಿ ದಾರಿ ಕೇಳಿಕೊಂಡು ಹೋದ.
ಮಾಸ್ಕ್ ಹಿಡಿದದ್ದು ತಾಯಿಯೇ:
ಒತ್ತಬೇಡಿ, ಹತ್ತಿರ ಹಿಡಿದರೆ ಸಾಕು, ಆಟದ ಹಾಗೆ.

ಮಾರ್ಕೆಟ್ ಹತ್ತಿರ ಅವನು ಮಾಸ್ಕನ್ನು ತಳ್ಳಿದ.
ಇನ್ನೊಮ್ಮೆ ತಳ್ಳಿದ.
ಗ್ಲೌಸಿನ ಮೇಲೆ, ನನ್ನ ಮಣಿಕಟ್ಟಿಗೆ, ಉಗುರು ನೆಟ್ಟು
ಕಿರುಚಿದ, ತೆಳ್ಳಗೆ, ಪೂರಾ ಸಿಟ್ಟಿನಲ್ಲಿ.
ತಾಯಿ ಗಾಬರಿಯಿಂದ ನನ್ನ ಮುಖ ನೋಡಿದಳು.
ಮುಂದಿನಿಂದ ಕೇಳಿತು:
"ಅತ್ನಾ?"
"ಅತ್ತ."
"ಸರಿ ಹಂಗಾದ್ರೆ," ಗೇರು ಬಿತ್ತು.

ವಾಣಿವಿಲಾಸದಲ್ಲಿ ಒಂದೇ ಉಸಿರಿಗೆ ಒಪ್ಪಿಸಿದೆ:
ಉಜೈರ್, ಎರಡು ವರ್ಷ, ಒಂಬತ್ತು ಕೆಜಿ, ಮೂರು ದಿನದ ಜ್ವರ,
ಈಗ ತೊಂಬತ್ತೊಂದು, ದಾರಿಯಲ್ಲಿ ಒಮ್ಮೆ ಅತ್ತಿದ್ದಾನೆ.
ಕೊನೆಯದನ್ನು ನರ್ಸ್ ಬರೆದುಕೊಂಡಳೋ ಇಲ್ಲವೋ.
ತಾಯಿ ಒಳಗೆ ಹೋದಳು, ಒಂದೇ ಕಾಲಿಗೆ ಚಪ್ಪಲಿ.
ಆಮೇಲಿನದನ್ನು ನಮಗೆ ಯಾರೂ ಹೇಳುವುದಿಲ್ಲ.

ಗಾಡಿಯಲ್ಲಿ ಕೂತು ನೋಡಿಕೊಂಡೆ:
ಮಣಿಕಟ್ಟಿನಲ್ಲಿ ನಾಲ್ಕು ಕರಿ ಗೀರು.
ಸ್ಯಾನಿಟೈಸರ್ ಹಾಕಿ ಉಜ್ಜಿದೆ. ವಾಸನೆ ಹೆಚ್ಚಾಯಿತು.

ಟೀ ಹಿಡಿದು ಬಂದ ಬೋರಲಿಂಗಣ್ಣ ಮೂಗರಳಿಸಿದ:
"ಗಾಡೀಲಿ ಊದುಬತ್ತಿ ಯಾರ್ ಹಚ್ಚಿದ್ದು?"

ಯಾರೂ ಹಚ್ಚಿಲ್ಲಣ್ಣ, ಎಂದೆ.
ಯಾರೂ ಹಚ್ಚಿಲ್ಲ.