ಕನ್ನಡಿ ಬೇಕಾದ ಹುಣ್ಣು

ಅಂಗೈ ಹುಣ್ಣಿಗೆ ಕನ್ನಡಿ ಬೇಡ, ನಿಜ.
ಮೂವತ್ತೊಂದು ವರ್ಷ ಮಾತೊಜಿನ್ಯುಶ್‌ನ ಕಾರ್ಖಾನೆಯಲ್ಲಿ
ಸಾರ್ಡೀನ್ ಮೀನಿನ ತಲೆ ಚಿವುಟಿದ ಕೈಗಳಿವು,
ಒಂದೊಂದು ಗೀರೂ ಗೊತ್ತು ನನಗೆ.
ಇದು ಡಬ್ಬಿಯ ಮುಚ್ಚಳದ್ದು, ಇದು ಮುಳ್ಳಿನದು,
ಉಪ್ಪುನೀರು ಮುಟ್ಟಿದರೆ ಸಾಕು
ಚುರ್ ಎಂದು ತಂತಮ್ಮ ಹೆಸರು ಹೇಳುತ್ತವೆ.

ಇದು ಹೇಳಲಿಲ್ಲ.
ಶನಿವಾರ ಸ್ನಾನದಲ್ಲಿ ಬೆರಳಿಗೆ ಸಿಕ್ಕಿತು,
ಮಸೂರ ಬೇಳೆಯಷ್ಟು, ಅಂಚು ಗಟ್ಟಿ,
ಒತ್ತಿದರೆ ನೋವಿಲ್ಲ, ಸೋಪು ತಾಗಿದರೆ ಉರಿಯಿಲ್ಲ.
ನೋಯದ್ದಕ್ಕೆ ಇಷ್ಟು ಹೆದರಿದ್ದು
ಐವತ್ತೇಳು ವರ್ಷದಲ್ಲಿ ಇದೇ ಮೊದಲು.

ಬಾಲ್ತಜಾರ್ ಗಡ್ಡ ಹೆರೆಯುತ್ತಿದ್ದ ಕನ್ನಡಿ
ಅವನು ಸತ್ತ ಹನ್ನೊಂದು ವರ್ಷವೂ ಬೀರುವಿನ ತಳದಲ್ಲಿತ್ತು.
ತೆಗೆದು, ಉಸಿರೂದಿ ಒರೆಸಿ,
ಮನೆಯಲ್ಲಿ ನಾನೊಬ್ಬಳೇ, ಆದರೂ
ಬಚ್ಚಲಿಗೆ ಚಿಲಕ ಹಾಕಿ,
ಕಾಲಗಲಿಸಿ ಕೂತೆ.
ಮೂರು ಹೆತ್ತಿದ್ದೇನೆ. ಆ ಜಾಗವನ್ನು
ಒಮ್ಮೆಯೂ ನೋಡಿರಲಿಲ್ಲ.
ಸೂಲಗಿತ್ತಿ ನೋಡಿದ್ದಳು, ಡಾಕ್ಟರು ನೋಡಿದ್ದರು,
ಗಂಡ ಕತ್ತಲಲ್ಲಿ ಕಂಡಷ್ಟು ಕಂಡಿದ್ದ.
ನನಗೆ ಪರಿಚಯ ಮಾಡಿಸಿದ್ದು ಈ ಹುಣ್ಣು.

ಆಮೇಲೆ ಲೆಕ್ಕ.
ಹೊಸ ಸೋಪೆ? ಬಿಗಿ ಚಡ್ಡಿಯೆ?
ಮಗಳು ಕೊಡಿಸಿದ ರೇಜರೆ?
ಅಮಿಲ್ಕಾರನ ಹೆಸರನ್ನು ಪಟ್ಟಿಯ ತಳಕ್ಕೆ ಒತ್ತಿದಷ್ಟೂ
ಕೆಟ್ಟ ಮೀನಿನ ಹಾಗೆ ಮೇಲೆ ತೇಲಿ ಬಂತು.
ಟ್ರಾಮ್ ಓಡಿಸಿ ನಿವೃತ್ತನಾದವನು,
ಭಾನುವಾರ ಕಾಗದದ ಪೊಟ್ಟಣದಲ್ಲಿ
ಬಿಸಿ ಚೆಸ್ಟ್‌ನಟ್ ತರುವವನು,
ಬಾಗಿಲಾಚೆ ಬಿಟ್ಟರೆ ನೆರೆಯವರು ನೋಡುತ್ತಾರೆಂದು
ಬೂಟುಗಳನ್ನು ಕೈಯಲ್ಲಿ ಹಿಡಿದು ಒಳಬರುವವನು.

ಮೂರನೇ ವಾರ ಅದು ತಾನಾಗಿ ಮಾಯತೊಡಗಿತು.
ಇಗರ್ಜಿಗೆ ಮೇಣದಬತ್ತಿ ಒಯ್ಯುತ್ತಿದ್ದವಳು
ಅರ್ಧ ದಾರಿಯಲ್ಲಿ ನಿಂತೆ.
ಸಾಲ ಕೊಟ್ಟವನು ಬಾಗಿಲು ಬಡಿಯುವುದು ಬಿಟ್ಟರೆ
ಸಾಲ ತೀರಿತೆಂದೇ?

ಎರಡು ಮೆಟ್ರೊ ಬದಲಿಸಿ, ನದಿ ದಾಟಿ,
ನನ್ನ ಗುರುತು ಹಿಡಿಯುವವರಿಲ್ಲದ ಗಾಯಾಕ್ಕೆ ಹೋದೆ.
ಬೆಂಚಿನ ತುಂಬ ಮೊಮ್ಮಕ್ಕಳ ವಯಸ್ಸಿನವರು.
ಮೂಗಿಗೆ ರಿಂಗು ಹಾಕಿದ್ದ ಹುಡುಗನೊಬ್ಬ ಎದ್ದು ಜಾಗ ಕೊಟ್ಟ,
ಯಾರ ಜೊತೆ ಬಂದಿರಿ ಎಂದ.
ನನ್ನ ಜೊತೆ, ಎಂದೆ.
ಅರವತ್ತಮೂರನೇ ನಂಬರು.

ಮೂರು ತಿಂಗಳಲ್ಲಿ ಎಷ್ಟು ಜನ, ನರ್ಸ್ ಕೇಳಿದಳು.
ಒಬ್ಬ.
ಗಂಡಸೋ, ಹೆಂಗಸೋ?
ಹಾಗೂ ಕೇಳುತ್ತಾರೆಂದು ತಿಳಿದಿರಲಿಲ್ಲ, ನಗು ಬಂತು.
ಕಾಂಡೋಮ್?
ನನಗೆ ಮುಟ್ಟು ನಿಂತೇ ಏಳು ವರ್ಷವಾಯಿತಲ್ಲ, ಎಂದೆ.
ಅವಳು ಪೆನ್ನು ಕೆಳಗಿಟ್ಟಳು.
ಬಸಿರು ತಡೆಯಲು ಮಾತ್ರವಲ್ಲ, ಡೋನಾ ದಿಯೊಲಿಂಡಾ.
ಅಷ್ಟೇ. ಬೈಯಲಿಲ್ಲ.

ಬೆರಳ ತುದಿಗೆ ಸೂಜಿ.
ಚುರ್ ಎಂದಿತು. ಸದ್ಯ, ಗೊತ್ತಿರುವ ನೋವು.
ಹದಿನೈದು ನಿಮಿಷ, ಗೋಡೆಯ ಗಡಿಯಾರ,
ಆಮೇಲೆ ಪುಟ್ಟ ಪ್ಲಾಸ್ಟಿಕ್ ಕಿಟಕಿಯಲ್ಲಿ ಎರಡು ಗೆರೆ.

ಸಿಫಿಲಿಸ್.
ಅಜ್ಜಿ ಈ ಪದವನ್ನು ಹಡಗಿನವರಿಗಷ್ಟೇ ಬಳಸುತ್ತಿದ್ದಳು,
ಬಳಸಿ ಉಗುಳುತ್ತಿದ್ದಳು.
ನರ್ಸ್ ನೆಗಡಿಯೆಂಬಂತೆ ಹೇಳಿದಳು, ಗುಣವಾಗುತ್ತದೆ ಎಂದಳು.
ಸೊಂಟದ ಕೆಳಗೆ ಆಚೆಗೊಂದು ಈಚೆಗೊಂದು ಪೆನ್ಸಿಲಿನ್,
ಗಟ್ಟಿ ಜೇನಿನಂತೆ ನಿಧಾನ ಇಳಿಯಿತು.
ಎಚ್‌ಐವಿ ಇಲ್ಲ, ಆದರೂ ಆರು ವಾರ ಬಿಟ್ಟು ಮತ್ತೆ ನೋಡಬೇಕು.
ಅವರಿಗೂ ಕೊಡಿ ಎಂದು ಒಂದು ಚೀಟಿ.

ಆ ಚೀಟಿ ಪರ್ಸಿನಲ್ಲಿ, ಮೆಟ್ರೊ ಕಾರ್ಡಿನ ಬೆನ್ನಿಗೆ,
ಎರಡು ದಿನ ಊರು ಸುತ್ತಿತು.
ಬಾಯಿ ಬಿಟ್ಟರೆ ಬಣ್ಣಗೇಡು, ಒಪ್ಪಿದೆ.
ಬಿಡದಿದ್ದರೆ?
ಅವನಿಗೆ ಕೊಟ್ಟವರು ಯಾರು, ಯಾವ ಊರಲ್ಲಿ,
ನನಗಿಂತ ಚೆಲುವೆಯೇ,
ಇದೆಲ್ಲ ರಾತ್ರಿಯ ಪ್ರಶ್ನೆಗಳು,
ಬೆಳಗ್ಗೆ ಡಬ್ಬಿ ತುಂಬುವಾಗಲೂ ಬಿಡಲಿಲ್ಲ.

ಭಾನುವಾರ ಬಂದ. ಒಂದು ಕೈಯಲ್ಲಿ ಪೊಟ್ಟಣ,
ಇನ್ನೊಂದರಲ್ಲಿ ಬೂಟು.
ಬೂಟು ಆಚೆಗೇ ಬಿಡು, ಎಂದೆ,
ಬಾ, ಕೂತುಕೋ.

ಅವನು ಕೂತ.
ನಾನು ನಿಂತೇ ಇದ್ದೆ,
ಸೂಜಿ ಚುಚ್ಚಿದ ಜಾಗ ಇನ್ನೂ ಕೂರಗೊಡುತ್ತಿರಲಿಲ್ಲ.