ಅಡ್ಡಗೋಡೆಯ ಮೇಲಿನ ದೀಪ

ವಾರ್ಡೋ ದ್ವೀಪದಲ್ಲಿ ನವೆಂಬರಿನ ಕೊನೆಗೆ ಮುಳುಗಿದ ಸೂರ್ಯ
ಜನವರಿ ಅರ್ಧ ಕಳೆದರೂ ಏಳುವುದಿಲ್ಲ.
ಅದಕ್ಕೆ ಯಾರೂ ದೂರು ಕೊಡುವುದಿಲ್ಲ.
ನನ್ನ ಲ್ಯಾಪ್‌ಟಾಪು ಒಂದು ಬೆಳಗ್ಗೆ ಏಳದೆ ಹೋದದ್ದಕ್ಕೆ ಮಾತ್ರ
ಬಂದರಿನ ಇಡೀ ಏಡಿ ಗೋದಾಮು
ಬಾಗಿಲಿಗೆ ಬಂದು ನಿಂತಿತು:
ಯಾವ ದೋಣಿ, ಎಷ್ಟು ಕಿಲೋ, ಯಾರಿಗೆ ಎಷ್ಟು ಬಾಕಿ,
ಎಲ್ಲ ಅದರೊಳಗೇ.

ತಪ್ಪು ನನ್ನದೇ.
ಲೆಕ್ಕಕ್ಕೆ ವಿಂಡೋಸು, ಖುಷಿಗೆ ಲಿನಕ್ಸು,
ಒಂದೇ ಒರೆಗೆ ಎರಡು ಕತ್ತಿ ತುರುಕಲು ಕೂತೆ,
ರಾತ್ರಿ ಎರಡಕ್ಕೆ. ಇಲ್ಲಿ ಮಧ್ಯಾಹ್ನ ಎರಡೂ ಹಾಗೇ ಕಾಣುತ್ತದೆ.
ಡಿಸ್ಕಿನ ನಡುವೆ ಗೋಡೆ ಎಬ್ಬಿಸಿದೆ,
ದಾಯಾದಿಗಳಿಗೆ ಪಾಲು ಹಾಕುವವರ ಹಾಗೆ
ಇಷ್ಟು ಜಿಬಿ ಅತ್ತ, ಇಷ್ಟು ಇತ್ತ.
ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು.
ಎರಡೂ ಎದ್ದಿದ್ದವು, ಎರಡೂ ನಗುತ್ತಿದ್ದವು.
ಕೈ ಸುಮ್ಮನಿರಲಿಲ್ಲ.
ಗೋಡೆಯನ್ನು ಚೂರು ಸರಿಸಿ
ಮಧ್ಯೆ ಇನ್ನೊಂದು ಕೋಣೆ ತೆಗೆದೆ.
ಮನೆ ನಂಬರು ಬದಲಾಯಿತು.
ಕಾವಲುಗಾರನಿಗೆ ಯಾರೂ ಹೇಳಲಿಲ್ಲ.

ಕರಿ ಪರದೆ. ಬಿಳಿ ಅಕ್ಷರ.
ಅಂಥ ಪಾರ್ಟಿಷನ್ನೇ ಇಲ್ಲವಂತೆ.
ಕೆಳಗೆ, ಗ್ರಬ್ ರೆಸ್ಕ್ಯೂ,
ಅದರ ಮುಂದೆ ಒಂದು ಬಾಣ
ನನ್ನ ಕಡೆ ಅಲ್ಲ, ಏನೂ ಇಲ್ಲದ ಕಡೆ ತೋರಿಸುತ್ತ.

ಓಡ್‌ವಾರ್ ಅಂದ, ಹಳೆಯದು, ಎಸೆ.
ಅವನ ತಮ್ಮ ಅಂದ, ಎಲ್ಲ ಅಳಿಸಿ ಹೊಸದಾಗಿ ಹಾಕು.
ಗೋದಾಮಿನ ಯಜಮಾನ ಏನೂ ಅನ್ನಲಿಲ್ಲ,
ಕೌಂಟರಿನ ಮೇಲೆ ಬೆರಳು ಬಡಿದ, ಅಷ್ಟೇ.

ಸಂಜೆ ರಾಗ್ನ್‌ಫ್ರಿಡ್ ಬಂದಳು,
ಹಡಗುಗಳ ರೇಡಿಯೋದಲ್ಲಿ ಮೂವತ್ತು ವರ್ಷ ಕಿವಿಗೊಟ್ಟವಳು,
ಬೆರಳ ತುದಿ ಕತ್ತರಿಸಿದ ಉಣ್ಣೆಯ ಕೈಗವಸು ತೊಟ್ಟು.
ಕೊನೆಗೆ ಏನು ಮಾಡಿದೆ? ಕೇಳಿದಳು.
ಏನೂ ಮಾಡಲಿಲ್ಲ, ಅಂದೆ.
ಹೂಂ, ಎಲ್ಲರೂ ಅದನ್ನೇ ಮಾಡಿರುತ್ತಾರೆ.

ಎಲ್, ಎಸ್. ಎಂಟರ್.
ಮೊದಲ ಬಾಗಿಲು ತಟ್ಟಿದಳು: ಪರಿಚಯವಿಲ್ಲ.
ಎರಡನೆಯದು: ಪರಿಚಯವಿಲ್ಲ.
ಮೂರು. ನಾಲ್ಕು. ಅದೇ ಮಾತು.
ಬಿರುಗಾಳಿಯಲ್ಲಿ ದನಿ ಕಳೆದುಕೊಂಡ ದೋಣಿಯನ್ನು
ಹೆಸರು ಹಿಡಿದು ಕರೆಯುವ ಹಾಗೆ,
ಏರದೆ, ಇಳಿಯದೆ, ಒಂದೇ ತೂಕದಲ್ಲಿ ಕೇಳುತ್ತಲೇ ಹೋದಳು.
ನಾನು ಕಾಫಿ ಕಾಯಿಸುವುದನ್ನು ಮರೆತು ನಿಂತೆ.
ಆರನೆಯದು ತೆರೆಯಿತು.
ಬೂಟ್ ಇತ್ತು, ಹೋಮ್ ಇತ್ತು,
ಸಾಮಾನೆಲ್ಲ ಇಟ್ಟಲ್ಲೇ ಇತ್ತು.

ಹೊಸ ನಂಬರು ಬರೆದುಕೊಟ್ಟಳು.
ಕಡೆಗೆ ಒಂದೇ ಪದ ಒತ್ತಿದಳು:
ನಾರ್ಮಲ್.
ಅಷ್ಟೇನಾ? ಅಂದೆ.
ಇದಕ್ಕೆ ಅಷ್ಟೇ, ಅಂದಳು. ಗಂಡ ಬಿಟ್ಟುಹೋದ ವರ್ಷ
ದಿನಾ ಬೆಳಗ್ಗೆ ನಾನೂ ಒತ್ತಿದ್ದೆ. ಆಗಲಿಲ್ಲ.
ಕಾಫಿ ಎಲ್ಲಿ?

ಪರದೆಯಲ್ಲಿ ಎರಡು ಸಾಲು ಮೂಡಿದವು.
ಇದೂ ಸರಿ ಅನ್ನದ, ಅದು ತಪ್ಪು ಅನ್ನದ ಮೆನು,
ಅಡ್ಡಗೋಡೆಯ ಮೇಲೆ ಇಟ್ಟ ದೀಪ.
ಹತ್ತು, ಒಂಬತ್ತು, ಎಂಟು ಅಂತ ಎಣಿಸುತ್ತಿತ್ತು.
ಇಬ್ಬರೂ ಮುಟ್ಟಲಿಲ್ಲ.
ಅದು ಯಾವುದನ್ನು ಆರಿಸುತ್ತದೋ ನೋಡೋಣ ಅನ್ನಿಸಿತ್ತು.

ಮರುದಿನ ಸೂರ್ಯ ಬರಬೇಕಿದ್ದ ದಿನ.
ಪೂರ್ತಿ ಬಿಲ್ಲೆ ಕಂಡರೆ ಕೋಟೆಯಲ್ಲಿ ತೋಪು ಹಾರಿಸುತ್ತಾರೆ,
ಮಕ್ಕಳಿಗೆ ಶಾಲೆ ರಜೆ.
ಗೋದಾಮಿನ ಮೆಟ್ಟಿಲ ಮೇಲೆ ಎಲ್ಲರೂ
ದಕ್ಷಿಣಕ್ಕೆ ಮುಖ ಮಾಡಿ ನಿಂತಿದ್ದೆವು.
ಹನ್ನೊಂದಾಯಿತು. ಹನ್ನೊಂದೂಕಾಲಾಯಿತು.
ಸಮುದ್ರದ ಮೇಲೆ ಬೂದು ಮೋಡ, ಹಸಿ ಸಿಮೆಂಟಿನಂತೆ.
ಒಬ್ಬೊಬ್ಬರೇ ಒಳಗೆ ಹೋದರು.

ನಾನೂ ಬಂದು ಏಡಿಯ ಲೆಕ್ಕ ತೆರೆದೆ.
ಎಲ್ಲ ಸರಿಯಾಗಿತ್ತು, ಗಡಿಯಾರ ಒಂದು ಬಿಟ್ಟು.
ಲಿನಕ್ಸಿನಿಂದ ವಿಂಡೋಸಿಗೆ ದಾಟುವಾಗ
ಒಂದು ಗಂಟೆ ಗೋಡೆಯೊಳಗೆಲ್ಲೋ ಬಿದ್ದುಹೋಗುತ್ತದೆ.
ಸರಿಮಾಡಲೇ? ರಾಗ್ನ್‌ಫ್ರಿಡ್ ಫೋನಿನಲ್ಲಿ ಕೇಳಿದಳು.
ಬೇಡ, ಇರಲಿ ಬಿಡು, ಅಂದೆ.

ಇದರ ಪ್ರಕಾರ ಇನ್ನೂ ಹತ್ತೂಕಾಲು.
ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡೆ.